ಹಾಲಿನ ಪ್ಯಾಕೆಟ್ ಮತ್ತೆ ಸಾಮಿಲ್ ಹೊಟ್ಟಿನಿಂದ ಅಂಗಳಕ್ಕೆ ಹಾಸೋ ಬಿಲ್ಲೆ ಮಾಡೋದು ಹೇಗೆ

ಮಲೆನಾಡಲ್ಲಿ ಮರದ ಸಾಮಾನು ಹೊರಗಡೆ ಇಟ್ರೆ ಎಷ್ಟು ವರ್ಷ ಬಾಳತ್ತೆ ಅಂತ ಎಲ್ಲರಿಗೂ ಗೊತ್ತು. ಮಳೆಗಾಲದಲ್ಲಿ ಕುಂಬಾಗತ್ತೆ, ಬೇಸಿಗೆಯಲ್ಲಿ ಗೆದ್ದಲು ಹಿಡಿಯತ್ತೆ. ಇನ್ನೊಂದ್ಕಡೆ ತೀರ್ಥಹಳ್ಳಿ, ಹೊಸನಗರ, ಸಾಗರ ಯಾವ ರೋಡಲ್ಲಿ ಹೋದ್ರೂ ಅಡಿಕೆ ಸಿಪ್ಪೆ ರಾಶಿ ಹೊಗೆಯಾಡ್ತಾ ಇರತ್ತೆ, ಸಾಮಿಲ್ ಹಿಂದೆ ಹೊಟ್ಟು ಗುಡ್ಡೆ ಬಿದ್ದಿರತ್ತೆ, ಮನೆಯೊಳಗೆ ಹಾಲಿನ ಪ್ಯಾಕೆಟ್ಟು ಕವರ್ರು ಎಲ್ಲಾ ಹಂಡೆ ಒಲೆಗೆ ಬೆಂಕಿ ಹಚ್ಚಕ್ಕೆ ಹೋಗತ್ತೆ. ಆ ಹೊಗೆನ ಮೊದಲು ಕುಡಿಯೋದು ಒಲೆ ಮುಂದೆ ಕೂತಿರೋ ಅಮ್ಮಂದಿರು, ಸ್ನಾನಕ್ಕೆ ನೀರು ಕಾಯ್ತಾ ನಿಂತಿರೋ ಮಕ್ಕಳು, ಇದನ್ನ ನಿಲ್ಲಿಸ್ಲೇಬೇಕು.

ಈ ಪ್ಲಾಸ್ಟಿಕ್ಕನ್ನ ಕರಗಿಸಿ ಅದ್ರೊಳಗೆ ಒಣ ಹೊಟ್ಟು ಸೇರಿಸಿ ಅಚ್ಚಲ್ಲಿ ಒತ್ತಿದ್ರೆ ಗಟ್ಟಿ ಬಿಲ್ಲೆ ಆಗತ್ತೆ, ಹಲಗೆನೂ ಆಗತ್ತೆ. ಅಂಗಡಿಯಲ್ಲಿ ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ ಹಲಗೆ) ಅಂತ ಮಾರ್ತಾರಲ್ಲ, ಅದರ ತತ್ವ ಇದೇ. ಫ್ಯಾಕ್ಟರಿಯಲ್ಲಿ ಸ್ಕ್ರೂ ಮೆಷಿನ್ ಇರತ್ತೆ, ನಮ್ಮಲ್ಲಿ ಬಾಣಲೆ ಮತ್ತೆ ಜಾಕ್ ಇರತ್ತೆ. ಎರಡು ವಿಷಯ ಸರಿ ಹೋದ್ರೆ ಕೆಲಸ ಗೆದ್ದ ಹಾಗೆ: ಹೊಟ್ಟು ಪೂರ್ತಿ ಒಣಗಿರ್ಬೇಕು, ಬಿಸಿ 200 ಡಿಗ್ರಿ ದಾಟಬಾರದು.

200 ಡಿಗ್ರಿ ಯಾಕೆ ಅಂದ್ರೆ ಅಲ್ಲಿಂದ ಮೇಲೆ ಮರ ಸುಡಕ್ಕೆ ಶುರುವಾಗತ್ತೆ, ಬಣ್ಣ ಕಪ್ಪಾಗತ್ತೆ, ನಾರಿನ ಶಕ್ತಿ ಹೋಗತ್ತೆ. ಹಾಗಾಗಿ ಅದಕ್ಕಿಂತ ಕಮ್ಮಿ ಬಿಸಿಗೆ ಕರಗೋ ಪ್ಲಾಸ್ಟಿಕ್ ಮಾತ್ರ ನಮಗೆ ಬೇಕು. ಹಾಲಿನ ಪ್ಯಾಕೆಟ್, ಮೆತ್ತನೆ ಕವರ್ ಎಲ್ಲಾ ಎಲ್‌ಡಿಪಿಇ ಜಾತಿ, ಸುಮಾರು 110 ಡಿಗ್ರಿಗೆ ಕರಗತ್ತೆ. ಎಣ್ಣೆ ಕ್ಯಾನು, ಶಾಂಪೂ ಬಾಟ್ಲಿ ಸಾಮಾನ್ಯವಾಗಿ ಎಚ್‌ಡಿಪಿಇ, ಅದು 130ರ ಹತ್ರ. ಗೊಬ್ಬರದ ಚೀಲ ಪಿಪಿ, ಅದಕ್ಕೆ 160 ದಾಟ್ಬೇಕು. ನೀರಿನ ಬಾಟ್ಲಿ ಪೆಟ್, ಅದು ಕರಗೋದು 250 ಆದ್ಮೇಲೆ, ಅಷ್ಟೊತ್ತಿಗೆ ಹೊಟ್ಟು ಇದ್ದಿಲಾಗಿರತ್ತೆ, ಅದನ್ನ ಗುಜರಿಗೇ ಕೊಡಿ. ಪಿವಿಸಿ ಪೈಪ್ ತುಂಡು, ವೈರಿನ ಸಿಪ್ಪೆ ಮಾತ್ರ ಯಾವ ಕಾರಣಕ್ಕೂ ಬಿಸಿ ಮಾಡ್ಬೇಡಿ, ಅದ್ರಿಂದ ಹೈಡ್ರೋಕ್ಲೋರಿಕ್ ಆಸಿಡ್ ಆವಿ ಬರತ್ತೆ, ಶ್ವಾಸಕೋಶಕ್ಕೆ ನೇರ ಪೆಟ್ಟು.

ಸಾಮಾನಿನ ತಳದಲ್ಲಿ ತ್ರಿಕೋನದೊಳಗೆ ನಂಬರ್ ಇರತ್ತೆ: 2 (ಎಚ್‌ಡಿಪಿಇ), 4 (ಎಲ್‌ಡಿಪಿಇ), 5 (ಪಿಪಿ) ನಮ್ಮದು, ಉಳಿದಿದ್ದು ಬೇಡ. ನಂಬರ್ ಇಲ್ದೇ ಇದ್ರೆ ಒಂದು ತುಂಡು ಕತ್ತರಿಸಿ ಬಕೆಟ್ ನೀರಲ್ಲಿ ಎರಡು ಹನಿ ಸೋಪು ಹಾಕಿ, ಕೈಯಿಂದ ಒಳಗೆ ಮುಳುಗಿಸಿ ಬಿಡಿ. ಮೇಲೆ ಬಂದು ತೇಲಿದ್ರೆ 2, 4, 5ರಲ್ಲಿ ಒಂದು, ಮುಳುಗಿದ್ರೆ ಪೆಟ್ಟೋ ಪಿವಿಸಿಯೋ ಇರ್ಬೋದು. ಥರ್ಮೋಕೋಲ್ ಗಾಳಿ ತುಂಬಿರೋದ್ರಿಂದ ತೇಲತ್ತೆ, ಅದು ಲೆಕ್ಕಕ್ಕಿಲ್ಲ. ಚಿಪ್ಸ್ ಪ್ಯಾಕೆಟ್ ಥರದ ಒಳಗೆ ಬೆಳ್ಳಿ ಬಣ್ಣ ಇರೋದು, ಔಷಧಿ ಹೊಡೆದ ಬಾಟ್ಲಿ, ಕಳೆನಾಶಕದ ಕ್ಯಾನು ಇದ್ಯಾವುದೂ ಬೇಡ. ಅಡಿಕೆ ಗೊನೆಗೆ ಕಟ್ಟಿದ ಕೊಟ್ಟೆ (ಪ್ಲಾಸ್ಟಿಕ್ ಕವರ್) ಬಳಸ್ಬೋದು, ಆದ್ರೆ ಬಿಸಿಲಿಗೆ ಹಳಸಿ ಕೈಯಲ್ಲಿ ಹಿಡಿದ್ರೆ ಪುಡಿಯಾಗೋ ಹಾಗಾಗಿದ್ರೆ ಅದರಲ್ಲಿ ಜೀವ ಇಲ್ಲ, ಬಿಟ್ಬಿಡಿ. ಒಂದು ಸಲಕ್ಕೆ ಒಂದೇ ಜಾತಿ ಹಾಕಿ, ಮೂರೂ ಬೆರೆಸಿದ್ರೆ ಒಂದು ಕರಗಿರತ್ತೆ ಇನ್ನೊಂದು ಹಾಗೇ ತುಂಡು ತುಂಡಾಗಿ ಉಳಿದಿರತ್ತೆ, ಬಿಲ್ಲೆ ಅಲ್ಲೇ ಬಿರುಕು ಬಿಡತ್ತೆ.

ಶುರು ಮಾಡೋರಿಗೆ ಹಾಲಿನ ಪ್ಯಾಕೆಟ್ಟೇ ಒಳ್ಳೇದು. ಕತ್ತರಿಸಿ, ಬಿಚ್ಚಿ, ಬಿಸಿ ನೀರು ಮತ್ತೆ ಸೋಪಲ್ಲಿ ತೊಳೀರಿ, ಜಿಡ್ಡು ಉಳಿದ್ರೆ ಕಾಯಿಸುವಾಗ ಕೆಟ್ಟ ವಾಸನೆ ಬರತ್ತೆ, ಹೊಟ್ಟೂ ಸರಿಯಾಗಿ ಹಿಡ್ಕೊಳಲ್ಲ. ಒಣಗಿದ್ಮೇಲೆ ಎರಡು ಬೆರಳಗಲ ತುಂಡು ಮಾಡ್ಕೊಳ್ಳಿ. ತೊಳೆದ ನೀರನ್ನ ಬಟ್ಟೆಯಲ್ಲಿ ಸೋಸಿ ಆಮೇಲೆ ಚೆಲ್ಲಿ, ಸಣ್ಣ ಚೂರು ಹಳ್ಳಕ್ಕೆ ಹೋಗ್ಬಾರ್ದು.

ಹೊಟ್ಟಿನ ವಿಷಯಕ್ಕೆ ಬರೋಣ. ಅಕೇಶಿಯಾ, ಸಿಲ್ವರ್ ಓಕ್, ಸಾಗುವಾನಿ ಯಾವುದಾದ್ರೂ ನಡೆಯತ್ತೆ. ಭದ್ರಾವತಿ ಪೇಪರ್ ಮಿಲ್ಲಿಗೆ ಅಂತ ಬೆಳೆಸಿದ ಅಕೇಶಿಯಾ ನಮ್ಮ ಶಿವಮೊಗ್ಗ ಜಿಲ್ಲೆ ತುಂಬಾ ಇದೆ, ಅದರ ಹೊಟ್ಟಿಗೇನೂ ಬರ ಇಲ್ಲ. ಪ್ಲೈವುಡ್, ಎಂಡಿಎಫ್ (ಮರದ ನಾರನ್ನ ಅಂಟಲ್ಲಿ ಒತ್ತಿ ಮಾಡೋ ಹಲಗೆ) ಕೊಯ್ದ ಪುಡಿ ಮಾತ್ರ ತರ್ಬೇಡಿ, ಅದರ ಅಂಟಲ್ಲಿ ಫಾರ್ಮಾಲ್ಡಿಹೈಡ್ ಇರತ್ತೆ, ಬಿಸಿ ಮಾಡಿದ್ರೆ ಹೊರಗೆ ಬರತ್ತೆ. ತಂದ ಹೊಟ್ಟನ್ನ ಮರಳು ಜರಡಿಯಲ್ಲಿ ಒಂದ್ಸಲ ಹಿಡಿದು ಚಕ್ಕೆ ತೆಗೀರಿ, ಆಮೇಲೆ ಮನೆಯ ರವೆ ಜರಡಿಯಷ್ಟು ಸಣ್ಣದ್ರಲ್ಲಿ ಇನ್ನೊಂದ್ಸಲ. ಅಡಿಕೆ ಸಿಪ್ಪೆ ನಾರೂ ಆಗತ್ತೆ, ಬಡಿದು ಬಿಡಿಸಿ ಕಾಲು ಇಂಚಿಗಿಂತ ಸಣ್ಣಗೆ ಕತ್ತರಿಸ್ಬೇಕು, ಉದ್ದ ಇದ್ರೆ ಬಾಣಲೆಯಲ್ಲಿ ಗಂಟು ಕಟ್ಟತ್ತೆ. ಅದು ಹೊಟ್ಟಿಗಿಂತ ಜಾಸ್ತಿ ನೀರು ಹೀರತ್ತೆ, ಹಾಗಾಗಿ ಮೊದಲು ಹೊಟ್ಟಲ್ಲಿ ಕೈ ಕುದುರಲಿ, ಆಮೇಲೆ ಕಾಲು ಭಾಗ ನಾರು ಸೇರಿಸಿ ನೋಡಿ.

ಒಣಗಿಸೋದೇ ಇಡೀ ಕೆಲಸದ ಹೃದಯ. ಹಸಿ ಮರ ಕೊಯ್ದ ಹೊಟ್ಟಲ್ಲಿ ಅರ್ಧದಷ್ಟು ನೀರೇ ಇರ್ಬೋದು, ಬಿಸಿಲಲ್ಲಿ ಹರಡಿ ಒಣಗಿಸಿದ್ಮೇಲೂ ಶೇಕಡಾ 10-12 ಉಳಿದಿರತ್ತೆ, ಮುಟ್ಟಿದ್ರೆ ಒಣಗಿದ ಹಾಗೇ ಅನ್ಸತ್ತೆ. ನಮಗೆ ಬೇಕಾಗಿರೋದು 2-3ಕ್ಕಿಂತ ಕಮ್ಮಿ. ಒಂದು ಕೆಜಿ ಹೊಟ್ಟಲ್ಲಿ 100 ಗ್ರಾಂ ನೀರು ಉಳಿದ್ರೂ ಅದು ಆವಿ ಆದಾಗ ಸುಮಾರು 170 ಲೀಟರ್ ಜಾಗ ಬೇಡತ್ತೆ. ಆ ಆವಿ ಹೋಗೋದೆಲ್ಲಿ? ಕರಗಿದ ಪ್ಲಾಸ್ಟಿಕ್ಕಿನೊಳಗೆ ಗುಳ್ಳೆ ಆಗಿ ಕೂರತ್ತೆ, ಬಿಲ್ಲೆ ಒಳಗೆ ಟೊಳ್ಳಾಗತ್ತೆ, ಕಾಲಿಟ್ರೆ ಮುರಿಯತ್ತೆ. ಮೊದಲು ಬಿಸಿಲು, ಅಥವಾ ಅಡಿಕೆ ಡ್ರೈಯರ್ ಇದ್ರೆ ಅದ್ರಲ್ಲಿ, ಆಮೇಲೆ ಬಾಣಲೆಯಲ್ಲಿ ಸಣ್ಣ ಉರಿಗೆ 105 ಡಿಗ್ರಿ ಹತ್ರ ಮಗುಚ್ತಾ ಇರಿ. ಮಧ್ಯ ಮಧ್ಯ ಅಡುಗೆಮನೆ ಸ್ಕೇಲಲ್ಲಿ ತೂಗಿ ಬರ್ಕೊಳ್ಳಿ, ತೂಕ ಇಳಿಯೋದು ನಿಂತಾಗ ಒಣಗಿದೆ ಅಂತ ಅರ್ಥ. ಕೂಡ್ಲೇ ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ, ಅದೇ ದಿನ ಬಳಸಿ. ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳೋ ಆಗುಂಬೆ ಸೀಮೆ ಇದು, ಜೂನಿಂದ ಸೆಪ್ಟೆಂಬರ್ ತನಕ ಗಾಳಿಯೇ ಒದ್ದೆ. ಈ ಕೆಲಸ ಡಿಸೆಂಬರಿಂದ ಏಪ್ರಿಲ್ ಒಳಗೆ ಇಟ್ಕೊಳ್ಳಿ ಅಂತ ನನ್ನ ಮಾತು.

ಅಚ್ಚು ವೆಲ್ಡಿಂಗ್ ಶಾಪಲ್ಲಿ ಮಾಡಿಸ್ಬೇಕು. ಒಂದಡಿಗೆ ಒಂದಡಿ, ಎರಡೂವರೆ ಮೂರು ಇಂಚು ಎತ್ತರದ ಕಬ್ಬಿಣದ ಚೌಕಟ್ಟು, ಒಳಗೆ ಸರಿಯಾಗಿ ಕೂರೋ ದಪ್ಪ ಮುಚ್ಚಳ. ತಳಕ್ಕೆ ಚೆಕರ್ ಪ್ಲೇಟ್ (ಉಬ್ಬು ಗೆರೆ ಇರೋ ಕಬ್ಬಿಣದ ತಗಡು) ಹಾಕ್ಸಿ, ಬಿಲ್ಲೆ ಮೇಲ್ಮೈಗೆ ಗೆರೆ ಬೀಳತ್ತೆ, ಮಳೆಗಾಲದಲ್ಲಿ ಪಾಚಿ ಹಿಡಿದ್ರೂ ಸ್ವಲ್ಪ ಹಿಡಿತ ಸಿಗತ್ತೆ. ಮೇಲಿಂದ ಒತ್ತಕ್ಕೆ ಗಟ್ಟಿ ಫ್ರೇಮ್ ಒಳಗೆ 10 ಟನ್ನಿನ ಬಾಟ್ಲ್ ಜಾಕ್ ಸಾಕು. ದೊಡ್ಡ ಹಲಗೆ ಒತ್ತಕ್ಕೆ ಹೋದ್ರೆ ಇದರ ಡಬಲ್ ಶಕ್ತಿ ಬೇಕು, ಅದಕ್ಕೇ ಮೊದಲು ಬಿಲ್ಲೆ ಮಾಡಿ ಅನ್ನೋದು. ಮೆಷಿನ್ ಕಟ್ಟೋ ಆಸೆ ಇರೋರಿಗೆ ನೆದರ್ಲ್ಯಾಂಡ್ಸಿನ ಡೇವ್ ಹಾಕೆನ್ಸ್ 2013ರಲ್ಲಿ ಶುರು ಮಾಡಿದ ಪ್ರೆಶಸ್ ಪ್ಲಾಸ್ಟಿಕ್ ಅನ್ನೋ ಪ್ಲಾಸ್ಟಿಕ್ ಮರುಬಳಕೆ ಯೋಜನೆಯ ಡ್ರಾಯಿಂಗ್ ಫ್ರೀಯಾಗಿ ಸಿಗತ್ತೆ.

ಮುಕ್ಕಾಲು ಇಂಚು ದಪ್ಪದ ಒಂದು ಬಿಲ್ಲೆಗೆ ಹತ್ತಿರ ಹತ್ತಿರ 1.8 ಕೆಜಿ ಮಾಲು ಬೇಕು, ಅದ್ರಲ್ಲಿ 1.2 ಕೆಜಿ ಪ್ಲಾಸ್ಟಿಕ್, 600 ಗ್ರಾಂ ಹೊಟ್ಟು. ಅರ್ಧ ಲೀಟರಿನ ಖಾಲಿ ಹಾಲಿನ ಪ್ಯಾಕೆಟ್ ಸುಮಾರು 3 ಗ್ರಾಂ ತೂಗತ್ತೆ, ಅಂದ್ರೆ ಒಂದು ಬಿಲ್ಲೆಯೊಳಗೆ 400 ಪ್ಯಾಕೆಟ್ ಹೋಗತ್ತೆ. ಒಂದು ಮನೆಯಿಂದ ಆಗೋ ಕೆಲಸ ಅಲ್ಲ, ಕೇರಿಯವರೆಲ್ಲಾ ಕೂಡಿಸ್ಬೇಕು, ಹಾಲಿನ ಡೈರಿ ಹತ್ರ ಒಂದು ಚೀಲ ಕಟ್ಟಿಟ್ರೆ ತುಂಬತ್ತೆ. ಫ್ಯಾಕ್ಟರಿಯವ್ರು ಹೊಟ್ಟನ್ನ ಶೇಕಡಾ 50-60 ತನಕ ಹಾಕ್ತಾರೆ, ಜೊತೆಗೆ ಮರವನ್ನೂ ಪ್ಲಾಸ್ಟಿಕ್ಕನ್ನೂ ಬೆಸೆಯೋ ಒಂದು ರಾಸಾಯನಿಕ ಸೇರಿಸ್ತಾರೆ. ಅದಿಲ್ದೇ ನಮ್ಮ ಮಳೆಗೆ ತಡೀಬೇಕು ಅಂದ್ರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೊಟ್ಟು ಹಾಕ್ಬೇಡಿ.

ಕರಗಿಸೋದು ಬಯಲಲ್ಲೇ, ಗಾಳಿ ಬೆನ್ನ ಕಡೆಯಿಂದ ಬೀಸೋ ಹಾಗೆ ನಿಂತ್ಕೊಂಡು. ಆವಿ ಸೋಸೋ ಕಾರ್ಟ್ರಿಜ್ ಇರೋ ಮಾಸ್ಕ್, ಚರ್ಮದ ಗ್ಲೌಸ್, ಕಾಟನ್ ಬಟ್ಟೆ, ಕಾಲಿಗೆ ಬೂಟು, ಪಕ್ಕದಲ್ಲಿ ಒಣ ಮರಳಿನ ಬಕೆಟ್ ಮತ್ತೆ ಬಾಣಲೆ ಮುಚ್ಚೋ ತಟ್ಟೆ. ಬೆಂಕಿ ಹತ್ತಿಕೊಂಡ್ರೆ ಮುಚ್ಚಿ, ಮರಳು ಹಾಕಿ, ನೀರು ಹಾಕಿದ್ರೆ ಉರಿಯೋ ಪ್ಲಾಸ್ಟಿಕ್ ಸಿಡಿಯತ್ತೆ. ಮಕ್ಕಳು ಹತ್ರ ಬರ್ಲೇಬಾರ್ದು. ಬಾಣಲೆ ಈ ಕೆಲಸಕ್ಕೇ ಬೇರೆ ಇರ್ಬೇಕು, ಅಡುಗೆಗೆ ವಾಪಸ್ ಹೋಗ್ಬಾರ್ದು. ಉರಿ ನೇರ ತಾಗದ ಹಾಗೆ ಕೆಳಗೆ ದಪ್ಪ ಕಬ್ಬಿಣದ ತಗಡು ಇಟ್ಟು ಅದರ ಮೇಲೆ ಬಾಣಲೆ ಇಡಿ, ಕಟ್ಟಿಗೆ ಒಲೆಗಿಂತ ಗ್ಯಾಸು ಅಥವಾ ಕರೆಂಟ್ ಹೀಟರಲ್ಲಿ ಬಿಸಿ ಹಿಡಿತದಲ್ಲಿರತ್ತೆ. ಉದ್ದ ಕಡ್ಡಿ ಇರೋ ಥರ್ಮಾಮೀಟರ್ ಮಾಲಿನೊಳಗೇ ಚುಚ್ಚಿ ನೋಡ್ಬೇಕು.

ಪ್ಯಾಕೆಟ್ ತುಂಡನ್ನ ಹಿಡಿ ಹಿಡಿ ಹಾಕ್ತಾ ಹೋಗಿ. ಮೊದಲು ಮುದುಡತ್ತೆ, ಆಮೇಲೆ ಅಂಚು ಗಾಜಿನ ಥರ ಹೊಳೆಯತ್ತೆ, 150 ದಾಟೋ ಹೊತ್ತಿಗೆ ಒಂದಕ್ಕೊಂದು ಅಂಟಿ ಉಂಡೆ ಆಗತ್ತೆ. ನೀರಾಗತ್ತೆ ಅಂತ ಕಾಯ್ಬೇಡಿ, ನೀರಾಗಲ್ಲ, ಅಂಟಾಗಿ ಎಳೆ ಬರತ್ತೆ ಅಷ್ಟೆ. 160-170ರಲ್ಲಿ ಹಿಡಿದು ಬೆಚ್ಚಗಿರೋ ಹೊಟ್ಟನ್ನ ನಾಲ್ಕೈದು ಕಂತಲ್ಲಿ ಹಾಕಿ ಕಬ್ಬಿಣದ ಸಟ್ಟುಗದಲ್ಲಿ ಮಡಚಿ ಮಡಚಿ ಒತ್ತಿ. ತೋಳು ನೋವು ಬರತ್ತೆ, ಇಬ್ಬರು ಇದ್ರೆ ಒಳ್ಳೇದು. ಕಡುಬಿಗೆ ತೊಳೆಸಿದ ಹಿಟ್ಟಿನ ಹದಕ್ಕೆ ಬಂದು, ಒಣ ಹೊಟ್ಟಿನ ಬಿಳಿ ಚುಕ್ಕೆ ಎಲ್ಲೂ ಕಾಣದೇ ಇದ್ದಾಗ ಸರಿ ಆಯ್ತು. ಬಣ್ಣ ಕಡು ಕಂದಾಗ್ತಾ ಇದ್ರೆ, ಹೊಗೆ ಎದ್ರೆ ಬಿಸಿ ಜಾಸ್ತಿ ಆಗಿದೆ, ಇಳಿಸಿ.

ಅಷ್ಟೊತ್ತಿಗೆ ಅಚ್ಚೂ 120 ಡಿಗ್ರಿ ಹತ್ರ ಕಾದಿರ್ಬೇಕು, ತಣ್ಣಗಿದ್ರೆ ಮಾಲು ಗೋಡೆಗೆ ತಾಗಿದ ತಕ್ಷಣ ಗಟ್ಟಿಯಾಗಿ ಮೂಲೆ ತುಂಬಲ್ಲ. ಒಳಗೆಲ್ಲಾ ಸಿಲಿಕೋನ್ ಸ್ಪ್ರೇ ಹೊಡೆದು, ಮಾಲು ತುಂಬಿ, ಮುಚ್ಚಳ ಇಟ್ಟು ಜಾಕ್ ಏರಿಸಿ. ಇಲ್ಲಿ ಅವಸರ ಬೇಡ. ಪ್ಲಾಸ್ಟಿಕ್ ಆರ್ತಾ ಆರ್ತಾ ಕುಗ್ಗತ್ತೆ, ಜಾಕ್ ಸಡಿಲ ಆಗತ್ತೆ, ಆವಾಗಾವಾಗ ಒಂದೊಂದು ಪಂಪ್ ಕೊಡ್ತಾ ಇರ್ಬೇಕು. ಒಂದು ಗಂಟೆ ಮೇಲಾದ್ರೂ ಒತ್ತಡದಲ್ಲೇ ಬಿಡಿ, ಅಚ್ಚು ಬರಿಗೈಯಲ್ಲಿ ಹಿಡಿಯೋ ಹಾಗಾದ್ಮೇಲೆ ತೆಗೀರಿ. ಬೇಗ ತೆಗೆದ ಬಿಲ್ಲೆ ನಾಲ್ಕು ಮೂಲೆ ಎದ್ದು ಡೊಂಕಾಗತ್ತೆ.

ಮೊದಲ ಬಿಲ್ಲೆಯನ್ನ ಹಾಸ್ಬೇಡಿ, ಕೊಯ್ದು ನೋಡಿ. ಒಳಗೆ ಗುಳ್ಳೆ ಇದ್ರೆ ಹೊಟ್ಟು ಒಣಗಿಲ್ಲ, ಹೊಟ್ಟಿನ ಗಂಟು ಇದ್ರೆ ಕಲಸಿದ್ದು ಸಾಲಿಲ್ಲ. ಒಂದು ತುಂಡು ತೂಗಿ 24 ಗಂಟೆ ನೀರಲ್ಲಿ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಗಿ. 100 ಗ್ರಾಂ ಇದ್ದಿದ್ದು 102-103 ಆದ್ರೆ ಪರವಾಗಿಲ್ಲ, ಅದಕ್ಕಿಂತ ಜಾಸ್ತಿ ಆದ್ರೆ ಹೊಟ್ಟು ಕಮ್ಮಿ ಮಾಡಿ ಇಲ್ಲಾ ಇನ್ನೂ ಜೋರಾಗಿ ಒತ್ತಿ.

ಅಂಗಳದಿಂದ ಕೊಟ್ಟಿಗೆಗೆ ಹೋಗೋ ದಾರಿ, ಬಚ್ಚಲ ಹಿಂದಿನ ಕೆಸರು ಜಾಗ, ನರ್ಸರಿ ಸ್ಟ್ಯಾಂಡು, ಹೂಕುಂಡದ ಕಟ್ಟೆ ಇಲ್ಲೆಲ್ಲಾ ಹಾಕ್ಬೋದು. ಪಕಾಸಿ, ರೀಪು, ತೊಲೆ ಜಾಗಕ್ಕೆ ಮಾತ್ರ ಬೇಡವೇ ಬೇಡ, ಭಾರ ಹೊತ್ತು ನಿಂತ್ರೆ ಇದು ವರ್ಷ ಕಳೆದ ಹಾಗೆ ಬಾಗತ್ತೆ, ಒಲೆ ಹತ್ರ, ಬಚ್ಚಲ ಹಂಡೆ ಹತ್ರನೂ ಬೇಡ, ಬೆಂಕಿಗೆ ಇದು ಉರಿಯೋ ವಸ್ತುವೇ. ಮುಂದೆ ಹಲಗೆ ಮಾಡಿದ್ರೆ ಕೆಳಗೆ ಅಡಿಗೊಂದು ಆಧಾರ ಕೊಡಿ, ಮೊಳೆ ಹೊಡೀದೆ ತೂತು ಕೊರೆದು ಸ್ಕ್ರೂ ಹಾಕಿ, ಆರಡಿ ಹಲಗೆಗೆ ತುದಿಯಲ್ಲಿ ಐದಾರು ಮಿಲಿಮೀಟರ್ ಜಾಗ ಬಿಡಿ, ಬಿಸಿಲಿಗೆ ಅಷ್ಟು ಹಿಗ್ಗತ್ತೆ. ಬಿಸಿಲು ಬೀಳೋ ಕಡೆ ಹಾಕೋ ಮಾಲಿಗೆ ತೋಟದ ಹಳೇ ಕಪ್ಪು ಡ್ರಿಪ್ ಪೈಪ್ ತೊಳೆದು, ಡ್ರಿಪ್ಪರ್ ಕಿತ್ತು, ಸ್ವಲ್ಪ ಸೇರಿಸಿ, ಅದ್ರೊಳಗಿರೋ ಕಾರ್ಬನ್ ಬ್ಲ್ಯಾಕ್ ಬಿಸಿಲಿನ ಪೆಟ್ಟು ತಡೆಯತ್ತೆ.

ಸಂಘದವರು ಸೇರಿ ಮಾರೋ ಮಟ್ಟಕ್ಕೆ ಮಾಡೋದಾದ್ರೆ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣೆ ನಿಯಮದ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ ಆಗ್ಬೇಕು, ಬಾಣಲೆ ಬಿಟ್ಟು ಎಕ್ಸ್‌ಟ್ರೂಡರ್ ಮೆಷಿನ್ನಿಗೆ (ಮೊದಲು ಹೇಳಿದ ಸ್ಕ್ರೂ ಮೆಷಿನ್) ಹೋಗೋದೂ ಆಗ್ಲೇ ಒಳ್ಳೇದು, ಅದ್ರಲ್ಲಿ ಹೊಗೆ ಕಮ್ಮಿ, ಕಲಸೋದೂ ಚೆನ್ನಾಗಿ ಆಗತ್ತೆ. ಕೊಯ್ದ ತುಂಡು, ಮುರಿದ ಬಿಲ್ಲೆ, ಸ್ಕ್ರೂ ತೂತಿಂದ ಬಂದ ಪುಡಿ ಯಾವುದನ್ನೂ ಎಸೀಬೇಡಿ, ಒಣಗಿಸಿ ಚೂರು ಮಾಡಿ ಮುಂದಿನ ಬಾಣಲೆಗೆ ಹೊಸ ಪ್ಲಾಸ್ಟಿಕ್ ಜೊತೆ ಹಾಕ್ಬೋದು.