ಮಗಳ ಉಸಿರು ಎಣಿಸಿದ ರಾತ್ರಿಗಳು

ಗಂಗಾವತಿ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ನಾನು ನರ್ಸ್. ಕೆಮ್ಮು, ನೆಗಡಿ ಎಂದು ತಾಯಂದಿರು ತರುವ ಕೂಸುಗಳ ಅಂಗಿ ಮೇಲೆತ್ತಿ, ಗಡಿಯಾರ ನೋಡುತ್ತ ಉಸಿರು ಎಣಿಸುವುದು ನನ್ನ ನಿತ್ಯದ ಕೆಲಸ. ಕಳೆದ ನವೆಂಬರ್‌ನಲ್ಲಿ, ಊರ ಸುತ್ತ ಭತ್ತದ ಕೊಯ್ಲು ನಡೆದಿದ್ದಾಗ, ಅದೇ ಕೆಲಸವನ್ನು ನನ್ನ ಏಳು ತಿಂಗಳ ಮಗಳಿಗೆ ಮಾಡಬೇಕಾಯಿತು.

ನೆಗಡಿ ಮೊದಲು ಬಂದದ್ದು ಅಂಗನವಾಡಿಗೆ ಹೋಗುವ ಮಗನಿಗೆ. ಅವನು ಮೂಗು ಸುರಿಸಿಕೊಂಡೇ ಎರಡು ದಿನ ಆಡಿಕೊಂಡಿದ್ದ. ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಮಗಳ ಮೂಗು ಕಟ್ಟಿತು, ಸಣ್ಣ ಜ್ವರ ಬಂತು, ಮೊಲೆ ಹಿಡಿದ ಕೂಡಲೇ ಬಿಟ್ಟು ಅಳತೊಡಗಿದಳು. ನಮ್ಮ ವೈದ್ಯಾಧಿಕಾರಿಗಳು ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿ, ಇದು ಬ್ರಾಂಕಿಯೋಲೈಟಿಸ್, ಶ್ವಾಸಕೋಶದ ಅತಿ ಸಣ್ಣ ಕೊಳವೆಗಳು ಊದಿಕೊಂಡು ಲೋಳೆ ತುಂಬುವ ಕಾಯಿಲೆ, ಈ ವಯಸ್ಸಿನಲ್ಲಿ ಬಹುಪಾಲು ಆರ್‌ಎಸ್‌ವಿ ಎಂಬ ವೈರಾಣುವಿನಿಂದ ಬರುತ್ತದೆ ಎಂದರು. ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ತಗಲುವ ಈ ವೈರಾಣು, ದೊಡ್ಡವರಲ್ಲಿ ಬರಿಯ ನೆಗಡಿಯಾಗಿ ಕಳೆದುಹೋದರೂ, ಕೂಸಿನ ಕಿರಿದಾದ ಕೊಳವೆಗಳಲ್ಲಿ ಉಸಿರನ್ನೇ ಅಡ್ಡಗಟ್ಟಬಲ್ಲದು. ಮೂರರಿಂದ ಐದನೆಯ ದಿನದವರೆಗೆ ಹೆಚ್ಚಾಗಿ, ಆಮೇಲೆ ಇಳಿಯುವುದು ಇದರ ರೀತಿ.

ಆಂಟಿಬಯಾಟಿಕ್ ವೈರಾಣುವಿಗೆ ನಾಟುವುದಿಲ್ಲವಾದ್ದರಿಂದ ಅದನ್ನು ಅವರು ಬರೆಯಲಿಲ್ಲ, ನಾನೂ ಕೇಳಲಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮಿನ ಸಿರಪ್ ಕೊಡಬಾರದೆಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2025ರ ಅಕ್ಟೋಬರ್‌ನಲ್ಲಷ್ಟೇ ತಿಳಿಸಿತ್ತು. ಜ್ವರಕ್ಕೆ ಮಾತ್ರ ಪ್ಯಾರಾಸಿಟಮಾಲ್, ಕಿಲೋ ತೂಕಕ್ಕೆ 15 ಮಿಲಿಗ್ರಾಂ ಲೆಕ್ಕದಲ್ಲಿ, ಆರು ತಾಸಿಗೊಮ್ಮೆ. ಇಲ್ಲಿ ಒಂದು ಮಾತು ಹೇಳಲೇಬೇಕು: ಹನಿ ಔಷಧದ ಒಂದು ಎಂ.ಎಲ್.ನಲ್ಲಿ 100 ಮಿಲಿಗ್ರಾಂ ಇರುವುದುಂಟು, ಸಿರಪ್‌ನಲ್ಲಿ ಹೆಚ್ಚುಕಡಿಮೆ ಅಷ್ಟೇ ಔಷಧಕ್ಕೆ ಐದು ಎಂ.ಎಲ್. ಬೇಕಾಗುತ್ತದೆ. ಸಿರಪ್‌ನ ಅಳತೆಯಲ್ಲಿ ಹನಿ ಔಷಧ ಕುಡಿಸಿದರೆ ನಾಲ್ಕೈದು ಪಟ್ಟು ಹೋಗುತ್ತದೆ. ಬಾಟಲಿಯ ಮೇಲಿನ ಅಂಕಿಯನ್ನು ಪ್ರತಿ ಸಲ ಓದಿಯೇ ಕುಡಿಸಿದೆ.

ನಿಜವಾದ ಚಿಕಿತ್ಸೆ ಮೂಗಿನದಾಗಿತ್ತು. ಇಷ್ಟು ಎಳೆಯ ಮಕ್ಕಳು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುವುದರಿಂದ, ಮೂಗು ಕಟ್ಟಿದರೆ ಹಾಲು ಕುಡಿಯುವುದು ನಿಲ್ಲುತ್ತದೆ. ಪ್ರತಿ ಸಲ ಹಾಲುಣಿಸುವ ಮುಂಚೆ ಹೊಳ್ಳೆಗೆ ಎರಡೆರಡು ಹನಿ ಸಲೈನ್ ಬಿಟ್ಟು, ಒಂದು ನಿಮಿಷ ತಡೆದು, ಮೆತ್ತಗಿನ ಅರಿವೆಯ ತುದಿಯನ್ನು ಹೊಸೆದು ಲೋಳೆ ತೆಗೆದೆ. ಒಮ್ಮೆಗೆ ಸ್ವಲ್ಪವೇ, ಆದರೆ ಮೇಲಿಂದ ಮೇಲೆ ಹಾಲು ಕೊಟ್ಟೆ. ಎಷ್ಟು ಸಲ ಉಚ್ಚೆ ಹೊಯ್ದಳೆಂಬುದನ್ನೂ ಬರೆದಿಟ್ಟೆ, ಏಕೆಂದರೆ ಹೊಟ್ಟೆಗೆ ಹೋದ ಹಾಲಿನ ಅಂದಾಜು ಸಿಗುವುದು ಅದರಿಂದಲೇ.

ಅತ್ತೆಯವರಿಗೆ ಇದು ಸಾಲದೆನಿಸಿತು. “ನಿನ್ನ ಗಂಡಗೂ ಮೂಗಿಗೆ ಎಣ್ಣಿ ಬಿಟ್ಟ ಬೆಳಸೀನಿ ನಾನು” ಎಂದರು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಬೇರೆಯೇ ನ್ಯುಮೋನಿಯಾ ಆಗುತ್ತದೆ, ಲೋಬಾನದ ಹೊಗೆ ಊದಿದ ಕೊಳವೆಗಳನ್ನು ಇನ್ನಷ್ಟು ಕೆರಳಿಸುತ್ತದೆ ಎಂದು ತಿಳಿಸಿ ಹೇಳಿದೆ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪವನ್ನೂ ನೆಕ್ಕಿಸಬಾರದು. ಅವರು ಒಪ್ಪಿದರು, ಅವರ ಪ್ರೀತಿಯ ಬಗ್ಗೆ ನನಗೆ ಎಂದೂ ಸಂಶಯವಿರಲಿಲ್ಲ. ಆದರೆ ಉಸಿರುಗಟ್ಟಿದ ಕೂಸಿನ ಹೊಟ್ಟೆಗೆ ಊದುಬತ್ತಿಯಿಂದ ಬರೆ ಹಾಕಿ, ಎರಡು ದಿನ ಕಾದು ಕರೆತಂದವರನ್ನು ನಾನು ಕಂಡಿದ್ದೇನೆ. ಆ ಗಾಯಕ್ಕಿಂತಲೂ ಕಳೆದುಹೋದ ಆ ಎರಡು ದಿನಗಳು ನನ್ನನ್ನು ಹೆಚ್ಚು ನೋಯಿಸಿದವು.

ಉಸಿರನ್ನು ಮಗು ಮಲಗಿರುವಾಗ, ಅಥವಾ ಅಳದೆ ಸುಮ್ಮನಿರುವಾಗ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡಿದರೆ ತಪ್ಪಾಗುತ್ತದೆ, ಕೂಸಿನ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ಎರಡು ತಿಂಗಳೊಳಗಿನ ಮಗುವಿಗೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40, ಇವು ಅಥವಾ ಇವುಗಳಿಗಿಂತ ಹೆಚ್ಚಿದ್ದರೆ ಅದು ವೇಗದ ಉಸಿರಾಟ. ಮೊದಲ ದಿನ ಮಗಳದು 42 ಇತ್ತು. ಮೂರನೆಯ ರಾತ್ರಿ 52 ಆಯಿತು. ಮೂಗಿನ ಲೋಳೆ ತೆಗೆದು ಮತ್ತೆ ಎಣಿಸಿದಾಗ 46ಕ್ಕೆ ಇಳಿಯಿತು. ನಾಲ್ಕನೆಯ ರಾತ್ರಿ ಎರಡು ಗಂಟೆಗೆ 58. ಲೋಳೆ ತೆಗೆದರೂ ಇಳಿಯಲಿಲ್ಲ. ಮೊಬೈಲ್ ಬೆಳಕಿನಲ್ಲಿ ನೋಡಿದರೆ, ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೇದುತ್ತಿತ್ತು. ಕೈ ನಡುಗಿತು, ಆದರೆ ಮತ್ತೊಮ್ಮೆ ಎಣಿಸುತ್ತ ಕೂಡದೆ 108ಕ್ಕೆ ಕರೆ ಮಾಡಿದೆ. ಆಸ್ಪತ್ರೆಯಲ್ಲಿ ಎರಡು ದಿನ ಆಮ್ಲಜನಕ ಕೊಟ್ಟರು, ಮೂರನೆಯ ದಿನ ಮನೆಗೆ ಬಂದೆವು.

ಮಗ ಅಂಗನವಾಡಿಯಿಂದ ಬಂದವನು ಸೋಪಿನಿಂದ ಕೈ ತೊಳೆಯದೆ ತಂಗಿಯನ್ನು ಮುಟ್ಟಬಾರದೆಂಬ ನಿಯಮವನ್ನು ಆ ಮೇಲೆ ಮಾಡಿದೆವು, ಅದು ಮೊದಲೇ ಇರಬೇಕಿತ್ತು. ಗಟ್ಟಿ ವಸ್ತುಗಳ ಮೇಲೆ ಈ ವೈರಾಣು ಕೆಲವು ತಾಸು ಬದುಕಿರುವುದರಿಂದ ಗಿಲಕಿ, ತೊಟ್ಟಿಲ ಸರಪಳಿಗಳನ್ನೂ ತೊಳೆಯುತ್ತೇವೆ. ನನಗೇ ನೆಗಡಿಯಾದಾಗ ಮಾಸ್ಕ್ ಹಾಕಿಕೊಂಡು ಹಾಲುಣಿಸುತ್ತೇನೆ, ಹಾಲು ಬಿಡಿಸಿಲ್ಲ. ಕೆಮ್ಮು ಪೂರ್ತಿ ನಿಲ್ಲಲು ಮೂರು ವಾರ ಹಿಡಿಯಿತು; ಅಲ್ಲಿಯವರೆಗೆ ಅತ್ತೆಯವರು ದಿನವೂ ಸಂಜೆ ತೊಟ್ಟಿಲ ಬಳಿ ಕೂತು, ನಾನು ಗಡಿಯಾರ ಹಿಡಿದಿರಲು, ಬಾಯಲ್ಲಿ ಎಣಿಸುತ್ತಿದ್ದರು.