ಎಂಜಲು ಬೇಡ, ಕಫ ಕೊಡಿ

ಮೊನ್ನೆ ಮೂಡಿಗೆರೆ ಕಡೆಯ ಯಜಮಾನರೊಬ್ಬರು ಡಬ್ಬಿ ತಂದು ಮೇಜಿನ ಮೇಲಿಟ್ಟರು. ಒಳಗೆ ನೊರೆ ನೊರೆ ಎಂಜಲು, ಅದರಲ್ಲೊಂದು ಅಡಿಕೆ ಚೂರು. "ಇಷ್ಟು ಸಾಕಾ ಮೇಡಂ?" ಎಂದರು. ಚಿಕ್ಕಮಗಳೂರಿನ ಲ್ಯಾಬಿನಲ್ಲಿ 16 ವರ್ಷದಿಂದ ಇಂಥ ಡಬ್ಬಿ ನೋಡುತ್ತಿದ್ದೇನೆ.

ಅವರಿಗಿರುವುದು ಬ್ರಾಂಕಿಯೆಕ್ಟಾಸಿಸ್. ಶ್ವಾಸನಾಳದ ಕವಲುಗಳು ಹಿಗ್ಗಿ ಹಾಗೇ ಉಳಿದುಬಿಡುತ್ತವೆ. ಕೆಸರೆತ್ತದ ಬಸಿಗಾಲುವೆಯಲ್ಲಿ ನೀರು ನಿಂತ ಹಾಗೆ ಕಫ ನಿಲ್ಲುತ್ತದೆ, ಅದರಲ್ಲಿ ಕ್ರಿಮಿ ಬೆಳೆಯುತ್ತದೆ. ನಮ್ಮ ದೇಶದಲ್ಲಿ ಹಳೇ ಟಿಬಿ ಇದಕ್ಕೊಂದು ದೊಡ್ಡ ಕಾರಣ. ಯಾವ ಕ್ರಿಮಿ ಎಂದು ಕಫ ಪರೀಕ್ಷಿಸಿ ತಿಳಿಯಲೇಬೇಕು. ಹಿಮೋಫಿಲಸ್‌ಗೆ ನಾಟುವ ಎಷ್ಟೋ ಮಾತ್ರೆ ಸ್ಯೂಡೊಮೊನಾಸ್‌ಗೆ ನಾಟುವುದೇ ಇಲ್ಲ.

1. ಡಬ್ಬಿಯನ್ನು ಲ್ಯಾಬಿನಿಂದಲೇ ತನ್ನಿ. ತೊಳೆದ ಜಾಮ್ ಬಾಟಲಿ ಬೇಡ. ಮುಚ್ಚಳ ಸರಿಯಾಗಿ ಕೂರದ ಅಗ್ಗದ ಡಬ್ಬಿಯೂ ಬೇಡ. ಬ್ಯಾಗೆಲ್ಲ ಸೋರಿಸಿಕೊಂಡು ಬಂದವರು ಬೇಕಾದಷ್ಟಿದ್ದಾರೆ.

2. ಹೊಸ ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ಕೊಡಿ. ಆಗಲೇ ನುಂಗಿದ್ದರೆ ಮುಚ್ಚಿಡಬೇಡಿ, ಮಾತ್ರೆಯ ಹೆಸರು ಚೀಟಿಯಲ್ಲಿ ಬರೆಸಿ.

3. ಕಫ ಎತ್ತುವುದು. ಎಲ್ಲರೂ ಎಡವುವುದು ಇಲ್ಲೇ. ಬೆಳಗ್ಗೆ ಎದ್ದ ಕೂಡಲೇ, ಕಾಫಿಗೂ ಮೊದಲು. ಕುದಿಸಿ ಆರಿಸಿದ ನೀರಿನಲ್ಲಿ ಎರಡು ಸಲ ಬಾಯಿ ಮುಕ್ಕಳಿಸಿ. ನಲ್ಲಿ ನೀರಿನಲ್ಲೂ ಟಿಬಿಯ ದಾಯಾದಿ ಕ್ರಿಮಿಗಳು ಇರುತ್ತವೆ, ಸುಮ್ನೆ ರಿಪೋರ್ಟ್ ಕೆಡಿಸುತ್ತವೆ. ಮೌತ್‌ವಾಶ್ ಬೇಡವೇ ಬೇಡ. ನೆಟ್ಟಗೆ ಕೂತು ನಿಧಾನಕ್ಕೆ ಮೂರ್ನಾಲ್ಕು ದೀರ್ಘ ಉಸಿರು ಎಳೆಯಿರಿ. ಪ್ರತಿ ಸಲ ಮೂರು ಎಣಿಸುವಷ್ಟು ಹಿಡಿದು ಬಿಡಿ. ಆಮೇಲೆ ಕನ್ನಡಕದ ಗಾಜು ಒರೆಸುವ ಮುಂಚೆ 'ಹಾ' ಅಂತ ಊದುತ್ತೀವಲ್ವಾ, ಹಾಗೆ ಬಾಯಿ ಅಗಲಿಸಿ ಜೋರಾಗಿ ಊದಿ. ಎದೆಯೊಳಗೆ ಗೊರ ಗೊರ ಅಂದಾಗ ಕೆಮ್ಮಿ. ಬರಲಿಲ್ಲವೇ? ಸ್ವಲ್ಪ ಸುಧಾರಿಸಿಕೊಂಡು ಮತ್ತೆ. ಗಂಟಲು ಕೆರೆದು ತೆಗೆದದ್ದು ಲೆಕ್ಕಕ್ಕಿಲ್ಲ. ಗಟ್ಟಿಯಾಗಿ, ಹಳದಿಯೋ ಹಸಿರೋ ಇರುವುದು ಒಂದು ಟೀ ಚಮಚದಷ್ಟಿದ್ದರೆ ಸಾಕು. ಎಂಜಲು ತಂದರೆ ಮೈಕ್ರೋಸ್ಕೋಪಿನಲ್ಲಿ ಬಾಯಿಯ ಚರ್ಮದ ಕಣಗಳೇ ಜಾಸ್ತಿ ಕಾಣುತ್ತವೆ. ಅದಕ್ಕೆ ನಾವು ಕಲ್ಚರ್, ಅಂದರೆ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ, ಹಾಕುವುದೇ ಇಲ್ಲ.

ಕೆಮ್ಮು ಅಡಗಿಸುವ ಸಿರಪ್ ಕುಡಿದು ಬಂದು "ಕಫಾನೇ ಬರ್ತಿಲ್ಲ" ಅನ್ನುವವರಿಗೆ ನಾನೇನು ಹೇಳಲಿ?

4. ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪಬೇಕು. ಕಳಸದಿಂದ ಬಸ್ಸಿನಲ್ಲಿ ತಂದರೆ ಅದು ಆಗದ ಮಾತು. ಇಲ್ಲಿಗೇ ಬಂದು ಕೆಮ್ಮಿ ಕೊಡಿ, ಅದೇ ಒಳ್ಳೆಯದು.

5. ಹೀಗೂ ಕಫ ಬರದಿದ್ದರೆ ಉಪ್ಪುನೀರನ್ನು ಹಬೆಯ ಹಾಗೆ ಉಸಿರಿನಲ್ಲಿ ಎಳೆಸುವ ನೆಬುಲೈಸೇಶನ್ ಕೊಟ್ಟು ನೋಡುತ್ತಾರೆ. ಅದನ್ನು ಆಸ್ಪತ್ರೆಯಲ್ಲೇ ಮಾಡಿಸಿ, ಕೆಲವರಿಗೆ ಉಬ್ಬಸ ಬರುತ್ತದೆ. ಅದಕ್ಕೂ ಬರದಿದ್ದರೆ, ಅಥವಾ ಕಫದಲ್ಲಿ ಏನೂ ಸಿಗದೆ ಕಾಯಿಲೆ ಮಾತ್ರ ಏರುತ್ತಿದ್ದರೆ, ಬ್ರಾಂಕೋಸ್ಕೋಪಿ.

ಹೆದರಬೇಡಿ. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು, ಮೂಗಿನಿಂದಲೋ ಬಾಯಿಂದಲೋ ತೆಳ್ಳಗಿನ ಕೊಳವೆ ಇಳಿಸುತ್ತಾರೆ. ಕೆಟ್ಟಿರುವ ಭಾಗಕ್ಕೆ ಸಲೈನ್ ಬಿಟ್ಟು ವಾಪಸ್ ಎಳೆದುಕೊಳ್ಳುತ್ತಾರೆ. ಆ ತೊಳೆದ ನೀರೇ ಸ್ಯಾಂಪಲ್. ಕೆಟ್ಟಿರುವುದು ಎಲ್ಲಿ ಎಂದು ಹೇಳುವುದು ಸಿಟಿ ಸ್ಕ್ಯಾನ್. ಹಾಗಾಗಿ ರಿಪೋರ್ಟ್ ಹಾಳೆ ಒಂದೇ ಅಲ್ಲ, ಫಿಲಂ ಕೂಡ ತನ್ನಿ.

ಊಟ, ತಿಂಡಿ ಬ್ರಾಂಕೋಸ್ಕೋಪಿ ಶುರುವಾಗುವ ಆರು ಗಂಟೆ ಮುಂಚೆಯೇ ನಿಲ್ಲಬೇಕು. ಹಾಲು ಹಾಕಿದ ಕಾಫಿಯೂ ಆಹಾರವೇ! ಅರ್ಧ ಲೋಟ ತಾನೇ ಅಂತ ಕುಡಿದು ಬಂದು, ತಾರೀಕು ಮುಂದೂಡಿಸಿಕೊಂಡು ಮನೆಗೆ ಹೋದವರನ್ನು ಕಂಡಿದ್ದೇನೆ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಒಂದು ವಾರ ಮೊದಲೇ ಡಾಕ್ಟರಿಗೆ ಹೇಳಿ. ನೀವಾಗೇ ನಿಲ್ಲಿಸಬೇಡಿ.

ಮುಗಿದ ಮೇಲೆ ಗಂಟಲ ಮರಗಟ್ಟು ಬಿಡುವ ತನಕ, ಸುಮಾರು ಎರಡು ಗಂಟೆ, ನೀರೂ ಬೇಡ. ಸಂಜೆ ಸಣ್ಣ ಜ್ವರ, ಕಫದಲ್ಲಿ ಒಂದೆರಡು ಗೆರೆ ರಕ್ತ ಕಾಣಬಹುದು. ರಕ್ತ ಜಾಸ್ತಿ ಬಂದರೆ, ಎದೆ ನೋವು, ಉಸಿರಾಟದ ತೊಂದರೆ ಆದರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಸಾಮಾನ್ಯ ಕಲ್ಚರ್ ರಿಪೋರ್ಟಿಗೆ ಎರಡು ಮೂರು ದಿನ. ಟಿಬಿ ಜಾತಿಯ ಕ್ರಿಮಿಯ ಕಲ್ಚರಿಗೆ 6 ವಾರವೂ ಹಿಡಿಯಬಹುದು. ದಿನಾ ಫೋನ್ ಮಾಡಿದರೂ ಅದು ಬೇಗ ಬೆಳೆಯಲ್ಲ.