ಟ್ಯಾಗ್‌ಗೆ ಮೊದಲು ಅರ್ಜಿ: ಕನ್ನಡದ ಸೇವೆಗಾಗಿ ಆನ್‌ಲೈನ್ ಅಭಿಯಾನ

ಎಕ್ಸ್‌ನಲ್ಲಿ, ಅಂದರೆ ಹಳೆಯ ಟ್ವಿಟರ್‌ನಲ್ಲಿ, ಒಂದು ಹ್ಯಾಶ್‌ಟ್ಯಾಗನ್ನು ಟ್ರೆಂಡ್ ಮಾಡಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ಸಂಜೆ ಹೊತ್ತು ಒಟ್ಟಿಗೆ ಕೂರುವ ಜನ ಸಿಕ್ಕರೆ ಸಾಕು. ಬ್ಯಾಂಕಿನ ಚಲನ್, ಎಟಿಎಂ ಪರದೆ, ನಿಲ್ದಾಣದ ಫಲಕ, ಸಹಾಯವಾಣಿ ಇಂಥ ಕಡೆ ಕನ್ನಡ ಕೇಳುವ ನಮ್ಮಂಥವರ ಶ್ರಮ ಹೋಗುವುದೆಲ್ಲ ಅದಕ್ಕೆ ಮುಂಚಿನ ಮತ್ತು ಆಮೇಲಿನ ವಾರಗಳಲ್ಲಿ.

ಮೊದಲು ಬೇಡಿಕೆಯನ್ನು ಚಿಕ್ಕದು ಮಾಡಬೇಕು. ‘ಕನ್ನಡದ ಕಡೆಗಣನೆ ನಿಲ್ಲಲಿ’ ಎಂದರೆ ಯಾವ ಅಧಿಕಾರಿಯೂ ಮಾಡಬೇಕಾದ ಕೆಲಸ ಅದರಲ್ಲಿಲ್ಲ. ‘ಹಣ ಕಟ್ಟುವ ಚಲನ್‌ನಲ್ಲಿ ಕನ್ನಡವೂ ಇರಲಿ’ ಎಂದರೆ ಒಬ್ಬರು ಸಹಿ ಹಾಕಲೇಬೇಕು, ಇಲ್ಲವೇ ಆಗದು ಎನ್ನಬೇಕು. ಗೆದ್ದ ಅಭಿಯಾನಗಳನ್ನು ನೋಡಿ. 2016ರಲ್ಲಿ ಬೆಂಗಳೂರಿನ ಉಕ್ಕಿನ ಮೇಲ್ಸೇತುವೆಯ ವಿರುದ್ಧ ಎದ್ದ ಟ್ಯಾಗ್ ಕೇಳಿದ್ದು ಒಂದನ್ನೇ: ಈ ಸೇತುವೆ ಬೇಡ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್, 812 ಮರ, 1,791 ಕೋಟಿ ರೂಪಾಯಿ. ಇಡೀ ವಾದ ಒಂದು ಟ್ವೀಟ್‌ನಲ್ಲಿ ಹಿಡಿಯುತ್ತಿತ್ತು. ಅಕ್ಟೋಬರ್ 16ರಂದು ಜನ ರಸ್ತೆಗಿಳಿದು ಮಾನವ ಸರಪಳಿ ಕಟ್ಟಿದರು, 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅದೇ ವರ್ಷ ‘ನಮ್ಮ ಮೆಟ್ರೋ ಹಿಂದಿ ಬೇಡ’ ಟ್ಯಾಗ್ ಬಂದಾಗಲೂ ಹಾಗೇ. ಯಾವ ನಿಲ್ದಾಣಕ್ಕೆ ಹೋದರೂ ಫೋಟೋ ಸಿಗುತ್ತಿತ್ತು, ಬೇಡಿಕೆ ಫಲಕಕ್ಕಷ್ಟೇ ಸೀಮಿತವಾಗಿತ್ತು. ಮುಖ್ಯಮಂತ್ರಿ ಕೇಂದ್ರಕ್ಕೆ ಪತ್ರ ಬರೆದರು, ಫಲಕಗಳಿಂದ ಹಿಂದಿ ಹೋಯಿತು. 2019ರಲ್ಲಿ ಗ್ರಾಮೀಣ ಬ್ಯಾಂಕ್ ನೇಮಕಾತಿ ಪರೀಕ್ಷೆ ಕನ್ನಡದಲ್ಲೂ ಆಗಲಿ ಎಂಬ ಕೂಗು ಎದ್ದಿತು. ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಪರೀಕ್ಷೆ ನಡೆಸುವುದಾಗಿ ಜುಲೈನಲ್ಲಿ ಹಣಕಾಸು ಸಚಿವರು ಸಂಸತ್ತಿನಲ್ಲೇ ಹೇಳಿದರು.

ಇದಕ್ಕೆ ಎದುರು 2021ರ ಜೂನ್ ಇಟ್ಟು ನೋಡಿ. ಗೂಗಲ್ ಹುಡುಕಾಟ ಕನ್ನಡವನ್ನು ಭಾರತದ ಅತಿ ಕೊಳಕು ಭಾಷೆ ಎಂದು ತೋರಿಸಿದಾಗ ಕೆರಳದ ಕನ್ನಡಿಗರಿರಲಿಲ್ಲ. ಕಂಪನಿ ಉತ್ತರ ತೆಗೆದು ಕ್ಷಮೆ ಕೇಳಿತು, ಅಲ್ಲಿಗೆ ಮುಗಿಯಿತು. ಅಷ್ಟು ದೊಡ್ಡ ಸಿಟ್ಟಿನ ಬೆನ್ನಿಗೆ ಒಂದೇ ಒಂದು ಖಚಿತ ಬೇಡಿಕೆ ಇಟ್ಟಿದ್ದರೆ ಏನಾದರೂ ದಕ್ಕುತ್ತಿತ್ತೋ ಏನೋ.

ಬೇಡಿಕೆ ನಿಕ್ಕಿಯಾದ ಮೇಲೆ ಕಾಗದ. ಬ್ಯಾಂಕ್ ವಿಷಯಕ್ಕೆ ರಿಸರ್ವ್ ಬ್ಯಾಂಕಿನ ಗ್ರಾಹಕ ಸೇವೆಯ ನಿಯಮಾವಳಿ ಕೈಯಲ್ಲಿರಬೇಕು. ಕೌಂಟರ್ ಫಲಕಗಳು, ಖಾತೆ ತೆರೆಯುವ ಅರ್ಜಿ, ಚಲನ್, ಪಾಸ್‌ಬುಕ್ ಇವೆಲ್ಲ ಇಂಗ್ಲಿಷ್, ಹಿಂದಿ ಮತ್ತು ಆಯಾ ಪ್ರದೇಶದ ಭಾಷೆಯಲ್ಲಿರಬೇಕು ಎಂದು ಅದು ಹೇಳುತ್ತದೆ. ಆಮೇಲೆ ಮಾಹಿತಿ ಹಕ್ಕಿನ ಅರ್ಜಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕಾಯ್ದೆಯ ಕಲಂ 6(1)ರ ಪ್ರಕಾರ ಕನ್ನಡದಲ್ಲೇ ಬರೆಯಬಹುದು. ಎಡವುವುದು ಇಲ್ಲಿ: ರಾಜ್ಯದ ಕಚೇರಿಗೆ ಬರೆಯುವಾಗ ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ, ಕೇಂದ್ರದ ಸಂಸ್ಥೆಗಾದರೆ 500 ಪದ. ‘ಏಕೆ ಕನ್ನಡ ಕೊಡುತ್ತಿಲ್ಲ’ ಎಂದು ಕೇಳಿದರೆ ‘ಇದು ಮಾಹಿತಿಯಲ್ಲ’ ಎಂದು ಹಿಂದಿರುಗುತ್ತದೆ. ‘ಮುದ್ರಿಸಿದ ಚಲನ್‌ಗಳ ಭಾಷೆ ಯಾವುದು, ಮುದ್ರಣದ ಆದೇಶದ ಪ್ರತಿ ಕೊಡಿ’ ಎಂದು ಕೇಳಬೇಕು. ಖಾಸಗಿ ಬ್ಯಾಂಕಿಗೆ ಈ ಕಾಯ್ದೆ ತಟ್ಟುವುದಿಲ್ಲ. ಅಲ್ಲಿ ಲಿಖಿತ ದೂರು, 30 ದಿನ ಕಾದು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದರೆ ದೂರು ತೀರ್ಮಾನಿಸುವ ಅಧಿಕಾರಿ.

ಈಗ ಟ್ಯಾಗ್. ಮೇಲೆ ಹೇಳಿದ ಎರಡೂ ‘ಬೇಡ’ ಟ್ಯಾಗ್‌ಗಳಲ್ಲಿ ಕನ್ನಡದ ಮಾತಿದ್ದರೂ ಅವು ರೋಮನ್ ಅಕ್ಷರದಲ್ಲಿದ್ದವು. ಕನ್ನಡ ಆಡಬಲ್ಲ, ಓದಲಾರದ ಬೆಂಗಳೂರಿಗರೂ ಹೀಗೆ ಒಳಗೆ ಬಂದರು. ಕನ್ನಡ ಲಿಪಿಯಲ್ಲೇ ಇಡುವುದಾದರೆ ಒಂದು ಸೂಕ್ಷ್ಮ ಗಮನಿಸಿ. ಅನುಸ್ವಾರ ‘ಂ’ ಮತ್ತು ಕನ್ನಡದ ಸೊನ್ನೆ ‘೦’ ನೋಡಲು ಒಂದೇ ಥರ, ಕಂಪ್ಯೂಟರಿಗೆ ಬೇರೆ ಬೇರೆ. ‘ಬೆಂಗಳೂರು’ ಮತ್ತು ‘ಬೆ೦ಗಳೂರು’ ಎರಡು ಟ್ಯಾಗ್ ಆಗುತ್ತವೆ, ಎಣಿಕೆ ಒಡೆಯುತ್ತದೆ, ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ. ‘ಸಾಫ್ಟ್‌ವೇರ್’ ಥರದ ಪದಗಳಲ್ಲೂ ಇದೇ ಪಾಡು: ನಡುವೆ ಅಕ್ಷರಗಳು ಕೂಡದಂತೆ ತಡೆಯುವ ಕಾಣದ ಗುರುತೊಂದು ಕೆಲವರ ಕೀಬೋರ್ಡಿನಲ್ಲಿ ಬೀಳುತ್ತದೆ, ಕೆಲವರಲ್ಲಿ ಇಲ್ಲ. ಆದ್ದರಿಂದ ಅನುಸ್ವಾರವೂ ಇಂಗ್ಲಿಷ್ ಪದವೂ ಇಲ್ಲದ ಟ್ಯಾಗ್ ಆರಿಸಿ, ಟೈಪ್ ಮಾಡಿ ಎನ್ನದೆ ನಕಲಿಸಿ ಅಂಟಿಸಲು ಹೇಳುವುದು ಕ್ಷೇಮ.

280 ಅಕ್ಷರದ ಮಿತಿಯೂ ಮೋಸ ಮಾಡುತ್ತದೆ. ‘ಸ್ತ್ರೀ’ ನಮಗೆ ಒಂದಕ್ಷರ, ಅಲ್ಲಿ ಆರು. ಒತ್ತು, ಹಲಂತ, ಸ್ವರಚಿಹ್ನೆ ಎಲ್ಲವೂ ಬಿಡಿಬಿಡಿಯಾಗಿ ಲೆಕ್ಕಕ್ಕೆ ಬರುತ್ತವೆ. ಒಂದು ಟ್ವೀಟ್‌ಗೆ 30ರಿಂದ 35 ಕನ್ನಡ ಪದ ಹಿಡಿದರೆ ಹೆಚ್ಚು. ಪೋಸ್ಟರ್‌ನಲ್ಲಿ ಸಾಲುಗಳ ನಡುವೆ ಜಾಗ ಧಾರಾಳವಾಗಿರಲಿ, ಇಲ್ಲದಿದ್ದರೆ ಕೆಳಗಿನ ಒತ್ತಕ್ಷರ ಮುಂದಿನ ಸಾಲಿಗೆ ಬಡಿಯುತ್ತದೆ. ಫೋಟೋಶಾಪ್‌ನಲ್ಲಿ ಒತ್ತು ಬಿಡಿಸಿಕೊಂಡು ನಿಂತರೆ ಪಠ್ಯ ಜೋಡಿಸುವ ಸೆಟ್ಟಿಂಗನ್ನು ಭಾರತೀಯ ಲಿಪಿಗಳಿಗೆ ಹೊಂದುವಂತೆ ಬದಲಿಸಿ. ಕನ್ನಡ ಕೇಳುವ ಪೋಸ್ಟರ್‌ನಲ್ಲೇ ಕನ್ನಡ ಮುರಿದಿದ್ದರೆ ಎದುರಿನವರಿಗೆ ಬೇರೆ ಉತ್ತರ ಬೇಕಿಲ್ಲ.

ಟ್ರೆಂಡ್ ಲೆಕ್ಕ ಹಾಕುವುದು ಒಟ್ಟು ಸಂಖ್ಯೆಯನ್ನಲ್ಲ, ದಿಢೀರ್ ಏರಿಕೆಯನ್ನು. ಆದ್ದರಿಂದ ಟ್ಯಾಗ್ ಮೊದಲೇ ಸೋರಬಾರದು. ಸಂಜೆ 6 ಒಳ್ಳೆಯ ಹೊತ್ತು. ಬೇಸಿಗೆಯಲ್ಲಿ ನ್ಯೂಯಾರ್ಕಿನ ಕನ್ನಡಿಗರಿಗೆ ಆಗ ಬೆಳಿಗ್ಗೆ ಎಂಟೂವರೆ, ಅವರೂ ಕೈಜೋಡಿಸಬಹುದು. ಸಿದ್ಧ ಟ್ವೀಟ್‌ಗಳನ್ನು ಹಂಚಬೇಡಿ. ಒಂದೇ ಪಠ್ಯ ನೂರು ಖಾತೆಗಳಿಂದ ಬಂದರೆ ವೇದಿಕೆ ಅದನ್ನು ಕಸವೆಂದು ಅಡಗಿಸುತ್ತದೆ. ನಿಯಮಾವಳಿಯ ಸಾಲು, ಆರ್‌ಟಿಐ ಉತ್ತರ, ಫೋಟೋ ಕೊಡಿ, ಮಾತು ಅವರವರದ್ದಿರಲಿ. ಮಂಗಳೂರಿನವರು ‘ಬೇಕಿತ್ತು ಮಾರಾಯ್ರೆ’ ಎನ್ನಲಿ, ಧಾರವಾಡದವರು ‘ಕೊಡ್ರಿ’ ಎನ್ನಲಿ, ತಿದ್ದಲು ಹೋಗಬೇಡಿ. ಫೋಟೋದಲ್ಲಿ ಊರು, ದಿನಾಂಕ ಇರಲಿ. ಖಾತೆ ಸಂಖ್ಯೆ ಮುಚ್ಚಿ. ಕೌಂಟರಿನ ಸಿಬ್ಬಂದಿಯ ಮುಖ ಖಂಡಿತ ಬೇಡ, ಚಲನ್ ಮುದ್ರಿಸಿದ್ದು ಅವರಲ್ಲ. ‘ವಿವರ ಖಾಸಗಿಯಾಗಿ ಕಳಿಸಿ’ ಎಂಬ ಗ್ರಾಹಕ ಸೇವೆಯ ಸಿದ್ಧ ಉತ್ತರ ಬಂದೇ ಬರುತ್ತದೆ. ವೈಯಕ್ತಿಕ ದೂರಿಗೆ ಅದು ಸರಿ. ಇಂಥ ಬೇಡಿಕೆ ಅಲ್ಲಿಗೆ ಹೋದರೆ ಸತ್ತಂತೆ. ದೂರಿನ ಸಂಖ್ಯೆ ಹಾಕಿ ಎಲ್ಲರೆದುರೇ ಮುಂದುವರಿಸಿ.

ವಾಟ್ಸ್‌ಆ್ಯಪ್‌ನ ನಡೆ ಬೇರೆ. ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗೆ ಮಾತ್ರ ಫಾರ್ವರ್ಡ್ ಎಂಬ ಮಿತಿ 2018ರಲ್ಲಿ ಬಂತು. ತುಂಬ ಸಲ ಫಾರ್ವರ್ಡ್ ಆದದ್ದು ಒಮ್ಮೆಗೆ ಒಂದೇ ಚಾಟ್‌ಗೆ ಹೋಗುವುದು 2020ರಿಂದ. ಊರಿನ ಗುಂಪುಗಳಿಗೆ ಸ್ವಂತ ನಾಲ್ಕು ಸಾಲು ಬರೆದು ಕಳಿಸಿದರೆ ಓದುತ್ತಾರೆ, ಎರಡು ಬಾಣದ ಗುರುತು ಕಂಡರೆ ದಾಟಿಸಿ ಮುಂದೆ ಹೋಗುತ್ತಾರೆ.

ಅಭಿಯಾನ ಕೆಡುವುದು ಹೆಚ್ಚಾಗಿ ಎರಡನೇ ಗಂಟೆಯಲ್ಲಿ. ಯಾರೋ ಒಬ್ಬರು ವಲಸಿಗರನ್ನು ಬೈಯುತ್ತಾರೆ, ಎಂದೋ ನಡೆದ ಜಗಳದ ವಿಡಿಯೋ ಇಂದಿನದೆಂಬಂತೆ ಬರುತ್ತದೆ. ಚಲನ್ ಮರೆತುಹೋಗಿ ಜನರ ಮೇಲಿನ ಜಗಳ ಉಳಿಯುತ್ತದೆ, ಮರುದಿನದ ಸುದ್ದಿಯೂ ಅದೇ. ಇದನ್ನು ನೋಡಿಕೊಳ್ಳಲೆಂದೇ ಇಬ್ಬರನ್ನು ಕೂರಿಸಬೇಕು: ಬೈಗುಳಕ್ಕೆ ಉತ್ತರ ಕೊಡಬೇಡಿ, ಹಂಚಬೇಡಿ, ವಿಡಿಯೋದ ಒಂದು ಚಿತ್ರ ತೆಗೆದು ಹಿಮ್ಮುಖವಾಗಿ ಹುಡುಕಿ ನೋಡಿ. ಕನ್ನಡ ಕಲಿಯುತ್ತಿರುವ ಬಿಹಾರದ ಹುಡುಗನೊಬ್ಬ ಟ್ಯಾಗ್ ಬಳಸಿದರೆ ಅದನ್ನೇ ಮೊದಲು ಹಂಚುತ್ತೇವೆ. ನವೆಂಬರ್‌ನಲ್ಲಿ ಬಾವುಟದ ಡಿಪಿ ಹಾಕಿ ವರ್ಷವಿಡೀ ಇಂಗ್ಲಿಷಿನಲ್ಲೇ ಜಗಳವಾಡುವವರಿಗಿಂತ ಅವನ ಎರಡು ಸಾಲು ಹೆಚ್ಚು ಕೆಲಸಕ್ಕೆ ಬರುತ್ತದೆ.

ತುಳುವರು ತಮ್ಮ ಭಾಷೆ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಲಿ ಎಂದು ಟ್ಯಾಗ್ ನಡೆಸಿದಾಗ ಸುಮ್ಮನಿದ್ದು, ನಮ್ಮದಕ್ಕೆ ಮಾತ್ರ ಅವರನ್ನು ಕರೆಯುವುದು ನಡೆಯದ ಮಾತು. ಅದು ಸಂಸತ್ತಿನಲ್ಲಿ ಆಗಬೇಕಾದ ತಿದ್ದುಪಡಿ, ಟ್ರೆಂಡ್‌ನಿಂದ ಬೇಗ ಬರುವಂಥದ್ದಲ್ಲ. ತುಳುವರು ಕಾಯುತ್ತ ಕೂರಲಿಲ್ಲ: 2016ರಲ್ಲಿ ತುಳು ವಿಕಿಪೀಡಿಯ ಬಂತು, 2024ರಲ್ಲಿ ತುಳು-ತಿಗಳಾರಿ ಲಿಪಿ ಯೂನಿಕೋಡ್ ಸೇರಿತು.

ಕಚೇರಿಯವರು ಮಾತು ಕೊಟ್ಟ ಮೇಲೂ ಕಡತ ಮುಚ್ಚಬೇಡಿ. ಹಳೆಯ ಚಲನ್‌ಗಳ ದಾಸ್ತಾನು ಮುಗಿಯಲು ತಿಂಗಳುಗಳು ಹಿಡಿಯುತ್ತವೆ, ಎಟಿಎಂ ತಂತ್ರಾಂಶ ಬದಲಾದಾಗ ಕನ್ನಡದ ಆಯ್ಕೆ ಸದ್ದಿಲ್ಲದೆ ಮಾಯವಾಗುವುದುಂಟು. ಮೂರು ತಿಂಗಳಿಗೊಮ್ಮೆ ಅದೇ ಕೌಂಟರ್, ಅದೇ ಪರದೆಯ ಫೋಟೋ ತೆಗೆದು, ಹಳೆಯ ಟ್ವೀಟ್‌ನ ಕೆಳಗೇ ಹಾಕುತ್ತ ಹೋಗಿ.